ವಿಮಾನದ ವೇಗ ಮತ್ತು ರೆಕ್ಕೆಯ ಬಲ

ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ‘ಎಚ್.ಟಿ.-2’ ಎಂಬ ತರಬೇತಿ ವಿಮಾನವು 1951ರ ಆಗಸ್ಟ್ ತಿಂಗಳಲ್ಲಿ ಮೊದಲ ಬಾರಿಗೆ ಹಾರಿತು. ಎರಡು ಆಸನಗಳ ಈ ಹಗುರ ವಿಮಾನದಲ್ಲಿ ಅನೇಕ ತರುಣರು ಹಾರಾಟವನ್ನು ಕಲಿತರು. ಹಾರಾಟ ಕಲಿಯುವವರು ಚೆನ್ನಾಗಿ ಅರಿಯಬೇಕಾದ ಅಪಾಯಗಳಲ್ಲಿ ‘ಸ್ಟಾಲ್’ ಮುಖ್ಯವಾದುದು.

ಗಾಳಿಯು ರೆಕ್ಕೆಯ ಮೇಲ್ಮೈಗೆ ಹೊಂದಿಕೊಂಡು ಹರಿಯುವವರೆಗೆ ರೆಕ್ಕೆಯು ವಿಮಾನವನ್ನು ಎತ್ತಿಹಿಡಿಯುತ್ತದೆ. ವೇಗವು ಕುಗ್ಗಿದಾಗ ಎತ್ತರವನ್ನು ಕಾಯ್ದುಕೊಳ್ಳಲು ಚಾಲಕನು ವಿಮಾನದ ಮೂತಿಯನ್ನು ಮೇಲೆತ್ತುತ್ತಾನೆ. ಎದುರುಗಾಳಿಗೂ ರೆಕ್ಕೆಗೂ ನಡುವಣ ಕೋನವು ಸುಮಾರು 15 ಡಿಗ್ರಿಗಳನ್ನು ಮೀರಿದರೆ ಗಾಳಿಯ ಪ್ರವಾಹವು ರೆಕ್ಕೆಯಿಂದ ಬೇರ್ಪಡುತ್ತದೆ. ಎತ್ತುವ ಬಲವು ಕುಂದಿ ವಿಮಾನವು ಕುಸಿಯುತ್ತದೆ. ಇದೇ ಸ್ಟಾಲ್.

ವೇಗಸೂಚಕವನ್ನು ನೋಡಿ ಇದನ್ನು ಮೊದಲೇ ತಿಳಿಯಲಾಗದೆ? ಆ ಉಪಕರಣವು, ಪಿಟಾಟ್ ನಳಿಕೆಯೊಳಕ್ಕೆ ನುಗ್ಗುವ ಗಾಳಿಯ ಒತ್ತಡವನ್ನು ಸುತ್ತಣ ವಾಯುವಿನ ಒತ್ತಡದೊಡನೆ ಹೋಲಿಸಿ ವೇಗವನ್ನು ತೋರಿಸುತ್ತದೆ. ಆದರೆ ಮೂತಿಯು ಮೇಲೆದ್ದಾಗ ಗಾಳಿಯು ನಳಿಕೆಗೆ ಓರೆಯಾಗಿ ತಾಗುತ್ತದೆ. ವಿಮಾನದ ಸುತ್ತಣ ಒತ್ತಡವೂ ವ್ಯತ್ಯಾಸಗೊಳ್ಳುತ್ತದೆ. ಹೀಗೆ, ಸರಿಯಾದ ಅಳತೆಯು ಅತ್ಯಗತ್ಯವಾದ ಗಳಿಗೆಯಲ್ಲಿಯೇ ಮುಳ್ಳು ತಪ್ಪು ತೋರಬಹುದು.

ಆದುದರಿಂದ ಚಾಲಕನು ಮುಳ್ಳನ್ನು ಮಾತ್ರ ನಂಬದೆ, ಹಿಡಿಕೆಯ ಸಡಿಲತೆಯನ್ನೂ ವಿಮಾನದ ನಡುಕವನ್ನೂ ಗಮನಿಸಬೇಕು. ಬೀಳುವ ವಿಮಾನವನ್ನು ಮೇಲಕ್ಕೆಳೆಯಬೇಕೆನಿಸುವುದು ಸಹಜ. ಆದರೆ ಮೂತಿಯನ್ನು ತಗ್ಗಿಸಿದರೆ ಮಾತ್ರ ರೆಕ್ಕೆಗೆ ಬಲ ಮರಳುತ್ತದೆ. ನೆಲದ ಸಮೀಪದಲ್ಲಿ ಇದಕ್ಕೆ ಅವಕಾಶವಿರುವುದಿಲ್ಲವಾದ್ದರಿಂದ, ಈ ಅಭ್ಯಾಸವನ್ನು ಸಾಕಷ್ಟು ಎತ್ತರದಲ್ಲಿ, ಶಿಕ್ಷಕರ ಜೊತೆಯಲ್ಲಿ ಮಾಡಿಸುತ್ತಾರೆ.