ದ್ವಿಹೃತ್ಕುಕ್ಷಿ ಪೇಸಿಂಗ್

ದ್ವಿಹೃತ್ಕುಕ್ಷಿ ಪೇಸಿಂಗ್ ಎಂಬುದು ಹೃದಯದ ಎಡ ಮತ್ತು ಬಲ ಹೃತ್ಕುಕ್ಷಿಗಳೆರಡೂ ಒಟ್ಟಿಗೆ ಸಂಕುಚಿಸುವಂತೆ ವಿದ್ಯುತ್ ಪ್ರಚೋದನೆ ನೀಡುವ ಚಿಕಿತ್ಸೆ. ಇದನ್ನು ಸಿಆರ್‌ಟಿ ಎಂದೂ ಕರೆಯುತ್ತಾರೆ.

ಹಾರ್ಟ್ ಬ್ಲಾಕ್‌ನಲ್ಲಿ ಹೃತ್ಕರ್ಣಗಳ ವಿದ್ಯುತ್ ಸಂಕೇತವು ಹೃತ್ಕುಕ್ಷಿಗಳನ್ನು ತಡವಾಗಿ ತಲುಪುತ್ತದೆ ಅಥವಾ ತಲುಪುವುದೇ ಇಲ್ಲ. ಸಾಮಾನ್ಯ ಪೇಸ್‌ಮೇಕರ್ ಬಲ ಹೃತ್ಕುಕ್ಷಿಯನ್ನಷ್ಟೇ ಪ್ರಚೋದಿಸುವುದರಿಂದ ಎಡ ಹೃತ್ಕುಕ್ಷಿಯು ತುಸು ತಡವಾಗಿ ಸಂಕುಚಿಸುತ್ತದೆ. ಮೊದಲೇ ದುರ್ಬಲವಾದ ಹೃದಯವನ್ನು ಈ ಹೊಂದಾಣಿಕೆಯ ಕೊರತೆ ಇನ್ನಷ್ಟು ಕುಗ್ಗಿಸಬಹುದು. ಆದ್ದರಿಂದ ಕರೋನರಿ ಸೈನಸ್ ಎಂಬ ಅಭಿಧಮನಿಯ ಮೂಲಕ ಎಡ ಹೃತ್ಕುಕ್ಷಿಗೂ ಒಂದು ತಂತಿಯನ್ನು ಜೋಡಿಸಲಾಗುತ್ತದೆ.

ಹಾರ್ಟ್ ಬ್ಲಾಕ್ ಹಾಗೂ ಹೃದಯ ವೈಫಲ್ಯವಿದ್ದ 691 ರೋಗಿಗಳನ್ನು ಒಳಗೊಂಡ ‘ಬ್ಲಾಕ್ ಎಚ್‌ಎಫ್’ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಮರಣ, ಹೃದಯ ವೈಫಲ್ಯಕ್ಕೆ ತುರ್ತು ಚಿಕಿತ್ಸೆ ಅಥವಾ ಎಡ ಹೃತ್ಕುಕ್ಷಿಯ ಹಿಗ್ಗುವಿಕೆಯು ಬಲ ಹೃತ್ಕುಕ್ಷಿ ಪೇಸಿಂಗ್ ಪಡೆದವರಲ್ಲಿ ಶೇ. 55.6ರಷ್ಟು, ದ್ವಿಹೃತ್ಕುಕ್ಷಿ ಪೇಸಿಂಗ್ ಪಡೆದವರಲ್ಲಿ ಶೇ. 45.8ರಷ್ಟು ಮಂದಿಯಲ್ಲಿ ಕಂಡುಬಂದಿತು. ಎಡ ತಂತಿಗೆ ಸಂಬಂಧಿಸಿದ ತೊಡಕುಗಳು ಈ ಚಿಕಿತ್ಸೆಯ ಮುಖ್ಯ ಮಿತಿಯಾಗಿವೆ.