ಪಂಪಿನ ಕೆಪಾಸಿಟರು

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಕೊಳವೆ ಬಾವಿಯಿಲ್ಲದ ಗ್ರಾಮವು ವಿರಳ. ಸಿಂಗಲ್ ಫೇಸ್ ವಿದ್ಯುತ್ತಿನಿಂದ ನಡೆಯುವ ಸಣ್ಣ ಪಂಪುಗಳ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಡಬ್ಬಿಯಾಕಾರದ ಒಂದೆರಡು ವಸ್ತುಗಳಿರುವುವು. ಇವುಗಳಿಗೆ ಕೆಪಾಸಿಟರ್ ಎಂದು ಹೆಸರು; ಕಂಡೆನ್ಸರ್ ಎಂದೂ ಕರೆಯುವುದುಂಟು. ಕರೆಂಟು ನಿಂತ ಮೇಲೆಯೂ ಇವು ಕೈಗೆ ಹೊಡೆಯುವುದೇತಕ್ಕೆಂಬುದನ್ನು ರೈತರು ಅವಶ್ಯವಾಗಿ ಅರಿತಿರತಕ್ಕದ್ದು.

ಇದರ ರಚನೆಯು ಸರಳವಾದುದು. ಎರಡು ತೆಳುವಾದ ಲೋಹದ ಪದರಗಳ ನಡುವೆ ವಿದ್ಯುತ್ತನ್ನು ಹರಿಯಗೊಡದ ಹಾಳೆಯೊಂದನ್ನಿಟ್ಟು, ಚಾಪೆಯಂತೆ ಸುರುಳಿ ಸುತ್ತಿರುತ್ತಾರೆ. ವಿದ್ಯುತ್ತಿಗೆ ಜೋಡಿಸಿದೊಡನೆ ಒಂದು ಪದರದಿಂದ ಎಲೆಕ್ಟ್ರಾನುಗಳು ಹೊರಟು, ಮತ್ತೊಂದರಲ್ಲಿ ಅಷ್ಟೇ ಪ್ರಮಾಣದಲ್ಲಿ ಶೇಖರವಾಗುವುವು. ಅವು ಹಿಂದಿರುಗಲು ಹವಣಿಸಿದರೂ ನಡುವಣ ಹಾಳೆಯು ದಾರಿ ಬಿಡದು. ಈ ಸೆಳೆತದಿಂದ ಹಾಳೆಯಲ್ಲಿ ಏರ್ಪಡುವ ವಿದ್ಯುತ್ ಕ್ಷೇತ್ರದಲ್ಲಿಯೇ ಶಕ್ತಿಯು ಅಡಗಿರುವುದು.

ಈ ಸೀಮೆಯ ತಲಪರಿಗೆಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಊಟೆಯಿಂದ ರಾತ್ರಿಯೆಲ್ಲ ಒಸರಿದ ನೀರು ಕಟ್ಟೆಯಲ್ಲಿ ನಿಂತು, ಬಿಟ್ಟೊಡನೆ ರಭಸದಿಂದ ಹರಿಯುವುದಷ್ಟೆ. ಹೋಲಿಕೆಯು ಪೂರ್ಣವಾದುದಲ್ಲ, ಕಟ್ಟೆ ತುಂಬಲು ಒಂದಿರುಳು ಬೇಕು, ಪಂಪಿನ ಕೆಪಾಸಿಟರಾದರೋ ಸೆಕೆಂಡಿಗೆ 100 ಬಾರಿ ತುಂಬಿ ಬರಿದಾಗುವುದು.

ಸಿಂಗಲ್ ಫೇಸ್ ಮೋಟಾರು ತಾನಾಗಿಯೇ ತಿರುಗಲು ಮೊದಲಿಡಲಾರದು. ಎರಡನೆಯ ಸುತ್ತಿನ ತಂತಿಯಲ್ಲಿ ಪ್ರವಾಹವು ಮೊದಲನೆಯದಕ್ಕಿಂತ ತುಸು ಮುಂಚಿತವಾಗಿ ಏರುವಂತೆ ಕೆಪಾಸಿಟರು ಮಾಡುವುದರಿಂದ ಮೋಟಾರಿಗೆ ಮೊದಲ ನೂಕು ದೊರೆಯುವುದು. ಕೆಪಾಸಿಟರು ಕೆಟ್ಟರೆ ಮೋಟಾರು ಗುಂಯ್‌ಗುಡುತ್ತ ನಿಂತಲ್ಲಿಯೇ ಕಾಯುವುದು. ಆಗ ತಕ್ಷಣ ನಿಲ್ಲಿಸದಿದ್ದರೆ ಸುತ್ತಿನ ತಂತಿಯು ಸುಟ್ಟುಹೋಗುವುದು.

ಶೇಖರವಾಗುವ ಶಕ್ತಿಯು ಎಷ್ಟು? ವೋಲ್ಟೇಜು ಇಮ್ಮಡಿಯಾದರೆ ಶಕ್ತಿಯು ನಾಲ್ಮಡಿಯಾಗುವುದು. 230 ವೋಲ್ಟಿನ ಮನೆಯ ವಿದ್ಯುತ್ತು ತನ್ನ ಏರಿನಲ್ಲಿ ಸುಮಾರು 325 ವೋಲ್ಟನ್ನು ಮುಟ್ಟುವುದು. ಆಗ 100 ಮೈಕ್ರೋಫ್ಯಾರಡಿನ ಕೆಪಾಸಿಟರಿನಲ್ಲಿ ಸುಮಾರು 5 ಜೌಲಿನಷ್ಟು ಶಕ್ತಿಯಿರುವುದು. ಒಂದು ಕಿಲೋಗ್ರಾಂ ತೂಕವನ್ನು ಅರ್ಧ ಮೀಟರಿನಷ್ಟು ಎತ್ತಲು ಇದು ಸಾಕು. ಒಂದು ಅಶ್ವಶಕ್ತಿಯ ಪಂಪನ್ನು ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಕಾಲವೂ ನಡೆಸಲಾರದು. ಆದರೆ ಆ ಅಲ್ಪವೂ ಒಂದೇ ಕ್ಷಣದಲ್ಲಿ ದೇಹದ ಮೂಲಕ ಹರಿದರೆ ಪೆಟ್ಟು ಬಲವಾಗಿಯೇ ಬೀಳುವುದು. ಬಾವಿಯ ಬಳಿ ಕೈಕಾಲು ಒದ್ದೆಯಾಗಿದ್ದರೆ ಹೇಳುವುದೇ ಬೇಡ.

ಮೋಟಾರು ವೇಗಕ್ಕೆ ಬಂದ ಬಳಿಕ ಸ್ಟಾರ್ಟಿಂಗ್ ಕೆಪಾಸಿಟರನ್ನು ರಿಲೇ ಬೇರ್ಪಡಿಸುವುದು. ಆ ಕ್ಷಣದಲ್ಲಿ ಒಳಗಿದ್ದ ಶಕ್ತಿಗೆ ಹೊರಹೋಗಲು ದಾರಿಯಿಲ್ಲ. ಕೆಲವಕ್ಕೆ ಶಕ್ತಿಯನ್ನು ಮೆಲ್ಲನೆ ಇಳಿಸುವ ರೆಸಿಸ್ಟರನ್ನು ಬೆಸೆದಿರುತ್ತಾರೆ. ಅದು ಮುರಿದಿದ್ದರೆ ಹೊರನೋಟಕ್ಕೆ ತಿಳಿಯದು. ಆದುದರಿಂದ ಮೇನ್ ಸ್ವಿಚ್ಚನ್ನು ಕೆಳಗಿಳಿಸಿದ ಮಾತ್ರಕ್ಕೆ ಪೆಟ್ಟಿಗೆಯೊಳಗೆ ಕೈಯಿಡಕೂಡದು. ಬಲ್ಲ ಮೆಕ್ಯಾನಿಕ್ಕನು ಹೋಲ್ಡರಿಗೆ ಹಾಕಿದ ತಂತಿ ಬಲ್ಬಿನ ಎರಡು ವೈರುಗಳನ್ನು ಕೆಪಾಸಿಟರಿನ ತುದಿಗಳಿಗೆ ಮುಟ್ಟಿಸಿ ಶಕ್ತಿಯನ್ನಿಳಿಸುವನು. ಸ್ಕ್ರೂಡ್ರೈವರನ್ನು ಅಡ್ಡವಿಡುವ ರೂಢಿಯು ಅಪಾಯಕರವಾದುದು. ಹೊಸದನ್ನು ಹಾಕುವಾಗ ಮೈಕ್ರೋಫ್ಯಾರಡಿನ ಅಂಕಿಯು ಹಳೆಯದರಷ್ಟೇ ಇರತಕ್ಕದ್ದು. ವೋಲ್ಟಿನ ಅಂಕಿಯು ಹೆಚ್ಚಿದ್ದರೆ ಬಾಧಕವಿಲ್ಲ, ಕಡಿಮೆಯಿರಕೂಡದು.