ಮನೆಯೊಳಗಿನ ಬೌಲ್ಡರಿಂಗ್ ಗೋಡೆ

ಬೌಲ್ಡರಿಂಗ್ ಎಂಬುದು ಹಗ್ಗ ಮತ್ತು ಸೊಂಟಪಟ್ಟಿಯ ನೆರವಿಲ್ಲದೆ ಗಿಡ್ಡ ಬಂಡೆಗಳನ್ನು ಅಥವಾ ಕೃತಕ ಗೋಡೆಗಳನ್ನು ಏರುವ ಶಿಲಾರೋಹಣದ ಒಂದು ಪ್ರಕಾರವಾಗಿದೆ. ಕೆಳಗೆ ಹಾಸಿದ ದಪ್ಪ ಮೆತ್ತೆಯೇ ಇದರಲ್ಲಿ ಮುಖ್ಯ ರಕ್ಷಣೆ. ಇದೇ ಅಭ್ಯಾಸಕ್ಕಾಗಿ ಮನೆಯ ಕೊಠಡಿ ಅಥವಾ ಶೆಡ್ಡಿನಲ್ಲಿ ಹಲಗೆ ಹಾಗೂ ಹಿಡಿಕೆಗಳಿಂದ ನಿರ್ಮಿಸುವ ರಚನೆಯನ್ನು ಮನೆಯ ಬೌಲ್ಡರಿಂಗ್ ಗೋಡೆ ಎನ್ನಲಾಗುತ್ತದೆ. ಏರಲು ತಕ್ಕ ಬಂಡೆಗಳು ವಿರಳವಾಗಿರುವ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳಂತಹ ಬಯಲು ಪ್ರದೇಶಗಳಲ್ಲಿ ಈ ಕ್ರೀಡೆಯನ್ನು ಆರಂಭಿಸಲು ಇದೊಂದು ಸಾಧ್ಯ ಮಾರ್ಗವಾಗಿದೆ.

ಇತಿಹಾಸ

ಪ್ಯಾರಿಸ್ ಸಮೀಪದ ಫಾಂಟೆನ್‌ಬ್ಲೋ ಅರಣ್ಯದ ಮರಳುಗಲ್ಲಿನ ಬಂಡೆಗಳು ಬೌಲ್ಡರಿಂಗ್‌ನ ಹಳೆಯ ಅಭ್ಯಾಸ ತಾಣಗಳಲ್ಲಿ ಪ್ರಮುಖವಾದವು. 1950ರ ದಶಕದಲ್ಲಿ ಅಮೆರಿಕದ ಗಣಿತಜ್ಞ ಜಾನ್ ಗಿಲ್ ಅವರು ಜಿಮ್ನಾಸ್ಟಿಕ್ಸ್‌ನ ಚಲನೆಗಳನ್ನೂ ಸೀಮೆಸುಣ್ಣದ ಪುಡಿಯ ಬಳಕೆಯನ್ನೂ ಇದಕ್ಕೆ ತಂದರು. 1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಓಣಿಯೊಂದರ ಗೋಡೆಗೆ ಡಾನ್ ರಾಬಿನ್ಸನ್ ಅವರು ಕಲ್ಲುಗಳನ್ನು ಅಳವಡಿಸಿದ್ದು ಕೃತಕ ಗೋಡೆಗಳ ಆರಂಭಿಕ ಪ್ರಯೋಗಗಳಲ್ಲಿ ಒಂದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ರೀಡಾ ಆರೋಹಣವು ಮೊದಲ ಬಾರಿಗೆ ಸೇರ್ಪಡೆಯಾಯಿತು. ಬೌಲ್ಡರಿಂಗ್ ಅದರ ಒಂದು ಅಂಗವಾಗಿತ್ತು.

ಕರ್ನಾಟಕದಲ್ಲಿ

ಹಂಪಿಯ ಗ್ರಾನೈಟ್ ಬಂಡೆಗಳು ಭಾರತದ ಅತ್ಯಂತ ಪ್ರಸಿದ್ಧ ಬೌಲ್ಡರಿಂಗ್ ತಾಣವಾಗಿವೆ. ಅಮೆರಿಕದ ಆರೋಹಿ ಕ್ರಿಸ್ ಶರ್ಮಾ ಅವರು ಕಾಣಿಸಿಕೊಂಡ 'ಪಿಲ್ಗ್ರಿಮೇಜ್' ಚಿತ್ರವು ಇದನ್ನು ಹೊರದೇಶಗಳಿಗೆ ಪರಿಚಯಿಸಿತು. ಬಾದಾಮಿಯ ಮರಳುಗಲ್ಲಿನ ಬಂಡೆಗೋಡೆಗಳು ಹಗ್ಗ ಬಳಸಿ ಏರುವವರಿಗೆ ಪ್ರಿಯವಾಗಿವೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಕೃತಕ ಗೋಡೆಯಿದೆ.

ಆಳಂದ, ಅಫಜಲಪುರ ಮತ್ತು ಜೇವರ್ಗಿಯ ಭೂರಚನೆ ಇದಕ್ಕಿಂತ ಭಿನ್ನ. ಆಳಂದ ಹಾಗೂ ಅಫಜಲಪುರಗಳು ದಖನ್ ಲಾವಾ ಶಿಲೆಯ ಮೇಲಿನ ಎರೆಮಣ್ಣಿನ ನೆಲಗಳು. ಜೇವರ್ಗಿಯಲ್ಲಿ ಲಾವಾ ಶಿಲೆಯೊಂದಿಗೆ ಭೀಮಾ ಕೊಳ್ಳದ ಸುಣ್ಣಕಲ್ಲೂ ಇದೆ. ಶಹಾಬಾದ್ ಕಲ್ಲಿನಂತೆ ಈ ಸುಣ್ಣಕಲ್ಲು ಚಪ್ಪಟೆ ಪದರಗಳಾಗಿ ಒಡೆಯುತ್ತದೆ. ಗ್ರಾನೈಟಿನಂತೆ ದುಂಡು ಬಂಡೆಗಳಾಗಿ ಉಳಿಯುವುದಿಲ್ಲ. ಜೇವರ್ಗಿಗೆ ಹೊಂದಿಕೊಂಡಿರುವ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಗ್ರಾನೈಟ್ ಬೆಟ್ಟಗಳು ಕಾಣಸಿಗುತ್ತವೆ.

ಗೋಡೆಯ ರಚನೆ

ಸಾಮಾನ್ಯವಾಗಿ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಗಳನ್ನು ಮರದ ಅಥವಾ ಉಕ್ಕಿನ ಚೌಕಟ್ಟಿಗೆ ಬಿಗಿಯಲಾಗುತ್ತದೆ. ಹಲಗೆಯಲ್ಲಿ ಸುಮಾರು 20 ಸೆಂಟಿಮೀಟರ್ ಅಂತರದಲ್ಲಿ ರಂಧ್ರ ಕೊರೆದು, ಹಿಂಬದಿಯಿಂದ ಟಿ-ನಟ್‌ಗಳನ್ನು ಕೂರಿಸಿ, ಮುಂಬದಿಯಿಂದ ಬೋಲ್ಟ್ ಮೂಲಕ ಹಿಡಿಕೆಗಳನ್ನು ಜೋಡಿಸಲಾಗುತ್ತದೆ. ಹಿಡಿಕೆಗಳನ್ನು ರಾಳದಿಂದ, ಪಾಲಿಯುರೆಥೇನ್‌ನಿಂದ ಅಥವಾ ಮರದಿಂದ ತಯಾರಿಸುತ್ತಾರೆ. ಅವುಗಳ ಸ್ಥಾನ ಬದಲಿಸಿದರೆ ಅದೇ ಹಲಗೆಯಲ್ಲಿ ಹೊಸ ದಾರಿ ಸಿದ್ಧವಾಗುತ್ತದೆ.

ಗೋಡೆಯನ್ನು ಏರುವವರ ಕಡೆಗೆ ಬಾಗಿಸಿದಷ್ಟೂ ತೋಳು ಮತ್ತು ಬೆರಳುಗಳ ಮೇಲಿನ ಭಾರ ಹೆಚ್ಚುತ್ತದೆ. 2.44 ಮೀಟರ್ ಉದ್ದದ ಹಲಗೆಯನ್ನು ಲಂಬದಿಂದ 30 ಡಿಗ್ರಿ ಬಾಗಿಸಿದಾಗ ಅದರ ಎತ್ತರ ಸುಮಾರು 2.1 ಮೀಟರಿಗೆ ಇಳಿದು, ಅದು ಸುಮಾರು 1.2 ಮೀಟರ್ ಮುಂದಕ್ಕೆ ಚಾಚುತ್ತದೆ. ಬ್ರಿಟನ್ನಿನ ಬೆನ್ ಮೂನ್ ಅವರು ರೂಪಿಸಿದ ಮೂನ್‌ಬೋರ್ಡ್ ಸಾಮಾನ್ಯವಾಗಿ 40 ಡಿಗ್ರಿ ಬಾಗಿರುತ್ತದೆ. ಇದು ಆರಂಭಿಕರಿಗೆ ಕಠಿಣ.

ಕಲ್ಲು ಮತ್ತು ಮಣ್ಣಿನಿಂದ ಕಟ್ಟಿದ ಹಳೆಯ ಮನೆಗಳ ಗೋಡೆಗೆ ಚೌಕಟ್ಟನ್ನು ನೇರವಾಗಿ ಬಿಗಿಯುವುದು ಅಪಾಯಕರ. ಬೀಳುವ ದೇಹದ ಎಳೆತಕ್ಕೆ ಮಣ್ಣಿನ ಗಾರೆ ಸಡಿಲವಾಗಬಹುದು. ಅಂತಹಲ್ಲಿ ತನ್ನದೇ ಕಾಲುಗಳ ಮೇಲೆ ನಿಲ್ಲುವ ಚೌಕಟ್ಟು ಸೂಕ್ತ. ಅದು ಮುಂದಕ್ಕೆ ಮಗುಚದಂತೆ ಬುಡವನ್ನು ಅಗಲವಾಗಿಸಬೇಕು. ಬೆಸುಗೆ ಹಾಗೂ ಜೋಡಣೆಗಳನ್ನು ತಿಳಿದವರಿಂದ ಪರೀಕ್ಷಿಸಿಕೊಳ್ಳಬೇಕು.

ಅಭ್ಯಾಸ ಕ್ರಮ

ಒಂದು ನಿರ್ದಿಷ್ಟ ದಾರಿಯನ್ನು 'ಸಮಸ್ಯೆ' ಎನ್ನುತ್ತಾರೆ. ಗೊತ್ತುಪಡಿಸಿದ ಹಿಡಿಕೆಗಳಿಂದ ಆರಂಭಿಸಿ ಕೊನೆಯ ಹಿಡಿಕೆಯನ್ನು ನಿಯಂತ್ರಣದಲ್ಲಿ ಹಿಡಿದಾಗ ಸಮಸ್ಯೆ ಬಿಡಿಸಿದಂತೆ. ಕಾಠಿಣ್ಯವನ್ನು ಫಾಂಟೆನ್‌ಬ್ಲೋ ಶ್ರೇಣಿ ಅಥವಾ ವಿ-ಶ್ರೇಣಿಯಲ್ಲಿ ಸೂಚಿಸಲಾಗುತ್ತದೆ. ಹೊಸಬರು ತೋಳಿನಿಂದ ಎಳೆದುಕೊಳ್ಳುವ ಬದಲು ಕಾಲಿನಿಂದ ಮೇಲಕ್ಕೆ ತಳ್ಳಿಕೊಳ್ಳುವುದನ್ನು ಮೊದಲು ಕಲಿಯುವುದು ವಾಡಿಕೆ. ಕಲಬುರಗಿ ಸೀಮೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಅಂಗೈ ಬೆವರಿ ಹಿಡಿತ ಜಾರುತ್ತದೆ. ನಸುಕಿನ ವೇಳೆ ಅಭ್ಯಾಸಕ್ಕೆ ಅನುಕೂಲಕರ. ಬೆವರು ಹೀರಲು ಮೆಗ್ನೀಸಿಯಂ ಕಾರ್ಬೊನೇಟ್ ಪುಡಿಯನ್ನು ಬಳಸುತ್ತಾರೆ.

ಸುರಕ್ಷತೆ

ಬೌಲ್ಡರಿಂಗ್‌ನಲ್ಲಿ ಪ್ರತಿಯೊಂದು ಬೀಳುವಿಕೆಯೂ ನೆಲಕ್ಕೇ ಆಗುತ್ತದೆ. ಗಿಡ್ಡ ಗೋಡೆಯಿಂದ ಬಿದ್ದರೂ ಕಣಕಾಲು ಮತ್ತು ಮಣಿಕಟ್ಟಿಗೆ ಪೆಟ್ಟಾಗಬಹುದು.

• ಬೀಳುವ ಜಾಗವನ್ನೆಲ್ಲ ಸಂದುಗಳಿಲ್ಲದೆ ಮೆತ್ತೆಯಿಂದ ಮುಚ್ಚಬೇಕು. ಮನೆಯಲ್ಲಿ ಮಲಗುವ ಹಾಸಿಗೆ ಇದಕ್ಕೆ ತಕ್ಕ ಬದಲಿಯಲ್ಲ.
• ಎರಡೂ ಪಾದಗಳ ಮೇಲೆ ಇಳಿದು, ಮೊಣಕಾಲು ಮಡಿಸಿ, ಹಿಂದಕ್ಕೆ ಉರುಳಬೇಕು. ಕೈಯನ್ನು ಹಿಂದೆ ಊರಬಾರದು.
• ಉಂಗುರವನ್ನು ತೆಗೆದಿಟ್ಟು ಏರಬೇಕು. ಅದು ಹಿಡಿಕೆಗೆ ಸಿಕ್ಕಿಕೊಂಡರೆ ಬೆರಳಿಗೆ ಗಂಭೀರ ಗಾಯವಾಗುತ್ತದೆ.
• ಹಿಡಿಕೆಗಳ ಬೋಲ್ಟ್‌ಗಳನ್ನು ಆಗಾಗ್ಗೆ ಬಿಗಿಗೊಳಿಸಬೇಕು. ಮರಕ್ಕೆ ಗೆದ್ದಲು ಹಿಡಿದಿದೆಯೇ ಎಂದು ನೋಡಬೇಕು.
• ಬೆಳೆಯುವ ವಯಸ್ಸಿನ ಮಕ್ಕಳ ಬೆರಳ ಮೂಳೆಗಳ ಬೆಳವಣಿಗೆಯ ಭಾಗ ಮೃದುವಾಗಿರುತ್ತದೆ. ಅವರು ಕಿರಿದಾದ ಹಿಡಿಕೆಗಳಲ್ಲಿ ತೂಗಿ ತರಬೇತಿ ಪಡೆಯುವುದನ್ನು ತಪ್ಪಿಸಬೇಕು.
• ಒಬ್ಬಂಟಿಯಾಗಿ ಅಭ್ಯಾಸ ಮಾಡಬಾರದು. ಬೆರಳು ನೋಯುತ್ತಿದ್ದರೆ ಅಂದಿನ ಅಭ್ಯಾಸವನ್ನು ನಿಲ್ಲಿಸಬೇಕು.

ಮಿತಿಗಳು

ಮನೆಯ ಗೋಡೆಯು ಬೆರಳ ಬಲ, ಸಮತೋಲನ ಮತ್ತು ಚಲನೆಯ ಕ್ರಮವನ್ನು ಕಲಿಸುತ್ತದೆ. ಬಣ್ಣದ ಹಿಡಿಕೆಗಳು ದಾರಿಯನ್ನು ಮೊದಲೇ ತೋರಿಸುವುದರಿಂದ ಬಂಡೆಯ ಮೈ ನೋಡಿ ದಾರಿ ಹುಡುಕುವುದು, ಇಳಿಯುವ ಬಗೆ ಅರಿಯುವುದು ಮತ್ತು ಸಡಿಲ ಕಲ್ಲನ್ನು ಗುರುತಿಸುವುದು ಇಲ್ಲಿ ಸಿದ್ಧಿಸುವುದಿಲ್ಲ. ಆದ್ದರಿಂದ ನಿಸರ್ಗದ ಬಂಡೆಗಳಿಗೆ ಮೊದಲ ಬಾರಿ ಹೋಗುವವರು ಅನುಭವಿಗಳ ಜೊತೆಯಲ್ಲಿ ಹೋಗಬೇಕು. ಹಂಪಿ ಮತ್ತು ಬಾದಾಮಿಯಂತಹ ತಾಣಗಳಲ್ಲಿ ಸಂರಕ್ಷಿತ ಸ್ಮಾರಕಗಳನ್ನು ಹತ್ತಬಾರದು.